ಅನಿಲದ ಉಂಗುರದಲ್ಲಿ ಕುಬ್ಜ ಗೆಲಾಕ್ಸಿಗಳನ್ನು ಹುಡುಕಿದ ಅನುಭವ

ಎರಡು ಗೆಲಾಕ್ಸಿಗಳು ಡಿಕ್ಕಿಯಾದಾಗ ಹೊರಚೆಲ್ಲಿದ ಅನಿಲ ತನ್ನದೇ ಗುರುತ್ವದಿಂದ ಒಟ್ಟುಗೂಡಿ ಪುಟ್ಟ ಗೆಲಾಕ್ಸಿಯಾಗಬಲ್ಲದು ಎಂಬುದನ್ನು ಓದಿ ತಿಳಿದಿದ್ದೆ. ಅಂಥದ್ದನ್ನು ಚಿತ್ರದಲ್ಲಿ ಗುರುತಿಸುವುದು ಎಷ್ಟು ತೊಡಕಿನದೆಂದು ಅರಿವಾದದ್ದು ಎನ್‌ಜಿಸಿ 5291ರ ನೇರಳಾತೀತ ಚಿತ್ರಗಳನ್ನು ಕೈಗೆತ್ತಿಕೊಂಡಾಗ. ಸುಮಾರು 20 ಕೋಟಿ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿಯ ಸುತ್ತ ಹತ್ತಿರಹತ್ತಿರ 6 ಲಕ್ಷ ಜ್ಯೋತಿರ್ವರ್ಷ ವ್ಯಾಸದ ತಟಸ್ಥ ಜಲಜನಕದ ಉಂಗುರವಿದೆ. ಸುಮಾರು 36 ಕೋಟಿ ವರ್ಷಗಳ ಹಿಂದೆ ಇನ್ನೊಂದು ಗೆಲಾಕ್ಸಿ ನೇರವಾಗಿ ಬಡಿದು ಹಾದುಹೋದದ್ದರಿಂದ ಅದು ಉಂಟಾಯಿತೆಂದು ಕಂಪ್ಯೂಟರ್ ಸಿಮ್ಯುಲೇಶನ್‌ಗಳು ಸೂಚಿಸುತ್ತವೆ. ಇಲ್ಲಿ ಹುಟ್ಟಿದ ಪುಟ್ಟ ಗೆಲಾಕ್ಸಿಗಳನ್ನೂ ರೂಢಿಯಲ್ಲಿ 'ಟೈಡಲ್ ಡ್ವಾರ್ಫ್', ಅಂದರೆ ಉಬ್ಬರವಿಳಿತದಂಥ ಸೆಳೆತದಿಂದ ಹುಟ್ಟಿದ ಕುಬ್ಜ, ಎಂದೇ ಕರೆಯುತ್ತಾರೆ. ನೇರ ಡಿಕ್ಕಿಯ ಕೂಸುಗಳಿಗೆ ಉಬ್ಬರವಿಳಿತದ ಹೆಸರು ಅಷ್ಟಾಗಿ ಒಪ್ಪುವುದಿಲ್ಲವೆಂಬುದು ನನ್ನ ಅನಿಸಿಕೆ.

ನಾನು ಬಳಸಿದ್ದು 2015ರಲ್ಲಿ ಉಡಾವಣೆಯಾದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಟ್ ಎಂಬ ನೇರಳಾತೀತ ದೂರದರ್ಶಕದ ಚಿತ್ರಗಳನ್ನು. ಒಂದೂವರೆ ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ) ಸೂಕ್ಷ್ಮವಾಗಿ ಬಿಡಿಸಿ ತೋರಿಸಬಲ್ಲ ಈ ಉಪಕರಣದಲ್ಲಿ, ನಾಸಾದ ಹಳೆಯ ನೇರಳಾತೀತ ದೂರದರ್ಶಕ ಗೇಲೆಕ್ಸ್‌ನ ಚಿತ್ರದಲ್ಲಿ ಒಂದೇ ಮಸುಕು ಕಲೆಯಾಗಿದ್ದದ್ದು ಎರಡು ಮೂರು ಗಂಟುಗಳಾಗಿ ಒಡೆದು ಕಂಡಿತು. ನೇರಳಾತೀತ ಬೆಳಕು ಹೆಚ್ಚಾಗಿ ಕಳೆದ 10 ಕೋಟಿ ವರ್ಷಗಳಲ್ಲಿ ಹುಟ್ಟಿದ ಬಿಸಿ ನಕ್ಷತ್ರಗಳಿಂದ ಬರುವುದರಿಂದ, ಡಿಕ್ಕಿಯ ನಂತರದ ಬೆಳವಣಿಗೆಯನ್ನು ನೋಡಲು ಅದು ಅನುಕೂಲಕರ.

ತಂತ್ರಾಂಶ ಹೆಕ್ಕಿಕೊಟ್ಟ ಪ್ರತಿ ಚುಕ್ಕೆಯ ಸುತ್ತ ವೃತ್ತವೆಳೆದು, ಹಿನ್ನೆಲೆಯ ಬೆಳಕನ್ನು ಕಳೆದು, ಕಾಂತಿಮಾನವನ್ನು ಪಟ್ಟಿಗೆ ಸೇರಿಸುತ್ತ ಹೋದೆ. ಪಟ್ಟಿಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾಗಿದ್ದದ್ದು ಉಂಗುರದ ಅಂಚಿನಲ್ಲಿದ್ದ, ದುಂಡಗೆ ಹೊಳೆಯುವ ಒಂದು ಗಂಟು. ಜಲಜನಕದ ನಕ್ಷೆಯನ್ನು ಮೇಲೆ ಹಾಸಿ ನೋಡಿದಿರಾ ಎಂದು ಮಾರ್ಗದರ್ಶಕರು ಕೇಳುವವರೆಗೆ ನಾನು ಹಾಸಿರಲಿಲ್ಲ. ಹಾಸಿದಾಗ ಆ ಗಂಟು ಅನಿಲದ ಗೆರೆಗಳಾಚೆ ಒಂಟಿಯಾಗಿ ನಿಂತಿತ್ತು. ಅದು ನಮ್ಮದೇ ಗೆಲಾಕ್ಸಿಯ ನಕ್ಷತ್ರವಾಗಿತ್ತು. ಅನಿಲದ ಮೇಲೆಯೇ ಕುಳಿತಂತೆ ಕಾಣುವುದು ಕೂಡ ಅದರ ಹಿಂದೆ ದೂರದಲ್ಲಿರುವ ಬೇರೆ ಗೆಲಾಕ್ಸಿಯಾಗಿರಬಹುದಾದ್ದರಿಂದ, ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕು) ದೊರೆತಲ್ಲೆಲ್ಲ ಅದರ ವೇಗ ಅನಿಲದ ವೇಗಕ್ಕೆ ಹೊಂದುತ್ತದೆಯೇ ಎಂದು ಮತ್ತೆ ತಾಳೆನೋಡಿದೆ.

ಎಳೆಯ ಗಂಟುಗಳು ನೀಲಿ, ವಯಸ್ಸಾದವು ಕೆಂಪು ಎಂದು ಬಣ್ಣದಿಂದ ವಯಸ್ಸು ಹೇಳುವಲ್ಲಿ ಧೂಳು ಅಡ್ಡ ಬಂತು. ತಾಯಿ ಗೆಲಾಕ್ಸಿಯಲ್ಲಿ ಈಗಾಗಲೇ ನಕ್ಷತ್ರಗಳೊಳಗೆ ಬೆಂದ ಅನಿಲದಿಂದ ಹುಟ್ಟಿದ ಈ ಕುಬ್ಜಗಳಲ್ಲಿ ಆಮ್ಲಜನಕದಂಥ ಭಾರ ಧಾತುಗಳು ಅದೇ ಗಾತ್ರದ ಸಾಮಾನ್ಯ ಕುಬ್ಜಗಳಲ್ಲಿರುವುದಕ್ಕಿಂತ ಹೆಚ್ಚು. ಧೂಳೂ ಅದರ ಜೊತೆಗೇ ಬರುತ್ತದೆ. ಎಳೆಯ ಗಂಟೊಂದು ಧೂಳಿನಿಂದ ಕೆಂಪಾಗಿ, ವಯಸ್ಸಾದದ್ದರಂತೆ ತೋರುತ್ತಿತ್ತು.

ಈ ಕುಬ್ಜಗಳಲ್ಲಿ ಡಾರ್ಕ್ ಮ್ಯಾಟರ್ (ಬೆಳಕು ಸೂಸದೆ ಗುರುತ್ವದಿಂದ ಮಾತ್ರ ಅರಿವಾಗುವ ದ್ರವ್ಯ) ತೀರ ಕಡಿಮೆಯಿರಬೇಕೆಂಬುದು ಸಿದ್ಧಾಂತ. 2007ರ ಅಳತೆಯಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ದ್ರವ್ಯರಾಶಿ ಕಂಡುಬಂದರೆ, 2015ರ ಮರುಅಳತೆಯಲ್ಲಿ ಆ ಹೆಚ್ಚುವರಿ ಬೇಕಾಗಲಿಲ್ಲ. ಆದರೆ ಇವು ಹುಟ್ಟಿದಂದಿನಿಂದ ಒಂದು ಪೂರ್ಣ ಸುತ್ತನ್ನೂ ತಿರುಗಿಲ್ಲವಾದ್ದರಿಂದ, ತಿರುಗುವ ವೇಗದಿಂದ ತೂಕ ಲೆಕ್ಕಹಾಕುವುದರಲ್ಲಿ ಎಚ್ಚರ ಅಗತ್ಯ.

ಕೊನೆಗೆ ನನ್ನ ಪಟ್ಟಿಯಲ್ಲಿ 'ಕುಬ್ಜ ಗೆಲಾಕ್ಸಿ' ಎಂಬ ತಲೆಬರಹದಡಿ ಉಳಿದದ್ದು ಹಿಂದಿನವರು ಗುರುತಿಸಿದ್ದ ಉತ್ತರ, ದಕ್ಷಿಣ ಮತ್ತು ನೈಋತ್ಯದ ಮೂರು ಮಾತ್ರ. ಉಳಿದವುಗಳ ತಲೆಬರಹವನ್ನು 'ನಕ್ಷತ್ರೋತ್ಪತ್ತಿಯ ಗಂಟುಗಳು' ಎಂದು ತಿದ್ದಿದೆ.