ಚೆಲುವಾದ ನಾಣ್ಯಗಳ ಸಂಗ್ರಹ: ಆಯ್ಕೆ, ಪರೀಕ್ಷೆ, ಜೋಪಾನ

ವಿಜಯಪುರದ ನಮ್ಮ ಮನೆಗೆ ನಾಣ್ಯಗಳನ್ನು ನೋಡಲು ಬರುವವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ದೇಶದ್ದು ಕೂಡಿಸಿದ್ದೀರಿ?’ ಎಂಬುದು. ಹೊಸದಾಗಿ ಈ ಹವ್ಯಾಸ ಹಚ್ಚಿಕೊಂಡವರಿಗೆ ನನ್ನ ಮೊದಲ ಸಲಹೆಯೆಂದರೆ ಆ ಲೆಕ್ಕವನ್ನು ಬದಿಗಿಡಬೇಕು ಎಂಬುದೇ. ದೇಶಗಳ ಎಣಿಕೆ ಹಿಡಿದು ಹೊರಟರೆ ತೂಕದ ಲೆಕ್ಕದಲ್ಲಿ ಮಾರುವ ಮಿಶ್ರ ನಾಣ್ಯಗಳ ಒಂದು ಚೀಲದಿಂದಲೇ ಕೆಲಸ ಮುಗಿಯುತ್ತದೆ, ಆದರೆ ಅದರೊಳಗಿನ ಒಂದು ನಾಣ್ಯವನ್ನಾದರೂ ನಾವು ನಿಜವಾಗಿ ನೋಡಿರುವುದಿಲ್ಲ. ಚೆಲುವಿಗಾಗಿ ಸಂಗ್ರಹ ಕಟ್ಟಬೇಕೆನ್ನುವವರು ನೋಡುವುದನ್ನು ಮೊದಲು ಕಲಿಯಬೇಕು, ಕೊಳ್ಳುವುದು ಆಮೇಲೆ.

ನೋಡುವುದಕ್ಕೆ ಬೇಕಾದುದು ಬೆಳಗಿನ ಕಿಟಕಿ ಮತ್ತು ಪತ್ತಾರರು ಕಣ್ಣಿಗೆ ಹಚ್ಚಿಕೊಳ್ಳುವಂಥ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಇವೆರಡೇ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಬೆಳಕು ಒಂದೇ ಬದಿಯಿಂದ ಓರೆಯಾಗಿ ಬೀಳುವಂತೆ ಕುಳಿತು, ನಿಧಾನವಾಗಿ ತಿರುಗಿಸಬೇಕು. ತಲೆಯ ಮೇಲಿನ ಟ್ಯೂಬ್‌ಲೈಟಿನ ಕೆಳಗೆ ಸಪಾಟಾಗಿ ಕಾಣುವ ಚಿತ್ರ ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ, ಏಕೆಂದರೆ ನಾಣ್ಯದ ಚಿತ್ರವು ಬಣ್ಣದಿಂದಲ್ಲ, ಕೂದಲೆಳೆಯಷ್ಟು ಉಬ್ಬಿನ ನೆರಳಿನಿಂದ ಮೂಡುವಂಥದು. ಆ ಉಬ್ಬು ಅತಿಯಾದರೆ ಅಚ್ಚಿನ ಒಂದೇ ಹೊಡೆತಕ್ಕೆ ಚಿತ್ರ ಪೂರ್ತಿ ಮೂಡುವುದಿಲ್ಲ. ಕಡಿಮೆಯಾದರೆ ಕೆಲವೇ ವರ್ಷಗಳಲ್ಲಿ ಕೈಯಿಂದ ಕೈಗೆ ಹೋಗಿ ಸವೆದು ಹೋಗುತ್ತದೆ. ಒಂದು ಅಂಗುಲದೊಳಗಿನ ದುಂಡು ಜಾಗದಲ್ಲಿ ಚಿತ್ರ, ಬರಹ, ಮೌಲ್ಯ, ಇಸವಿ ಇವನ್ನೆಲ್ಲ ಹೊಂದಿಸಿಯೂ ಉಸಿರಾಡುವಷ್ಟು ಖಾಲಿ ಬಯಲನ್ನು ಉಳಿಸಿದ ಕಲಾವಿದನ ಶ್ರಮವನ್ನು ಗುರುತಿಸುವುದೇ ಈ ನೋಟದ ಅಭ್ಯಾಸ.

ಅಭ್ಯಾಸಕ್ಕೆ ಫ್ರಾನ್ಸಿನ ‘ಬಿತ್ತುವ ಹೆಣ್ಣು’ ನಾಣ್ಯದಿಂದ ಆರಂಭಿಸುವುದು ಒಳ್ಳೆಯದು. ಒಸ್ಕಾರ್ ರೋಟಿ ಎಂಬ ಶಿಲ್ಪಿ ರೂಪಿಸಿದ ಈ ಚಿತ್ರವು 1897ರಲ್ಲಿ ಬೆಳ್ಳಿಯ ನಾಣ್ಯಗಳ ಮೇಲೆ ಬಂದಿತು. ಹೆಗಲಿಗೆ ಬೀಜದ ಚೀಲ ಹಾಕಿಕೊಂಡು, ಕೈಬೀಸಿ ಕಾಳು ಚೆಲ್ಲುತ್ತ ನಡೆದಿರುವ ಹೆಣ್ಣು. ಗಾಳಿಗೆ ಹಿಂದಕ್ಕೆ ಹಾರುವ ಕೂದಲು ಮತ್ತು ಉಡುಗೆ. ಬೆನ್ನ ಹಿಂದೆ ಏಳುತ್ತಿರುವ ಸೂರ್ಯ. ಮುಂಗಾಲಿನ ಹೆಜ್ಜೆಯಿಂದ ಹಿಂದಕ್ಕೆ ಚಾಚಿದ ಕೈಯವರೆಗೆ ಒಂದು ಓರೆಗೆರೆ ಎಳೆದು ನೋಡಿ, ನಡಿಗೆಯ ಬಲ ಎಲ್ಲಿಂದ ಬಂದಿದೆ ಎಂಬುದು ತಿಳಿಯುತ್ತದೆ. ಕೂರಿಗೆಯ ಹಿಂದೆ ಸೆರಗಿನಲ್ಲಿ ಬೀಜ ಕಟ್ಟಿಕೊಂಡು ನಡೆವ ಹೆಣ್ಣುಮಕ್ಕಳನ್ನು ಕಂಡು ಬೆಳೆದ ನಮ್ಮ ಜೋಳದ ಸೀಮೆಯವರಿಗೆ ಈ ನಾಣ್ಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬೆಳ್ಳಿಯದು ಸಿಗದಿದ್ದರೆ ಚಿಂತೆ ಬೇಡ. 1960ರ ನಂತರ ಯೂರೋ ಬರುವವರೆಗೆ ಟಂಕಿಸಿದ ನಿಕ್ಕಲಿನ ಒಂದು ಫ್ರಾಂಕಿನ ಮೇಲೂ ಇದೇ ಚಿತ್ರವಿದ್ದು, ಅದು ಬಹಳ ಅಗ್ಗವಾಗಿ ದೊರೆಯುತ್ತದೆ.

ಗೆರೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಮ್ಮದೇ ನೆಲದ ಒಂದು ನಿದರ್ಶನವಿದೆ. ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಯಲ್ಲಿ ಅವನ ಎದೆಯ ಮೇಲಿನ ಪದಕಮಾಲೆಯಲ್ಲಿ ಆನೆಯ ಪುಟ್ಟ ಚಿತ್ರವಿದ್ದು, ಅದರ ಸೊಂಡಿಲು ಗಿಡ್ಡವಾಗಿದ್ದುದರಿಂದ ಜನರಿಗೆ ಅದು ಹಂದಿಯಂತೆ ಕಂಡಿತು. ದೂರುಗಳು ಬಂದ ಮೇಲೆ ಆ ರೂಪಾಯಿಯ ಹಂಚಿಕೆಯನ್ನು ನಿಲ್ಲಿಸಿ, ಮುಂದಿನ ವರ್ಷದ ಅಚ್ಚಿನಲ್ಲಿ ಆನೆಯನ್ನು ತಿದ್ದಲಾಯಿತು. 1911 ಮತ್ತು 1912ರ ರೂಪಾಯಿಗಳನ್ನು ಪಕ್ಕಪಕ್ಕದಲ್ಲಿಟ್ಟು ಮಸೂರದಲ್ಲಿ ನೋಡಿದವರ ಕಣ್ಣು, ಆ ಬಳಿಕ ಎಂಥ ಸಣ್ಣ ವಿವರವನ್ನೂ ಬಿಡುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಅಡ್ಡಿಯನ್ನೇ ಅಂದವಾಗಿ ತಿರುಗಿಸಿಕೊಂಡ ನಾಣ್ಯ ಜಪಾನಿನ ಐದು ಯೆನ್. ನಡುವೆ ತೂತಿರುವ ಈ ಹಿತ್ತಾಳೆಯ ನಾಣ್ಯದಲ್ಲಿ ಬಾಗಿದ ಭತ್ತದ ತೆನೆಯು ಕೃಷಿಯನ್ನೂ, ಕೆಳಗಿನ ನೀರಿನ ಗೆರೆಗಳು ಮೀನುಗಾರಿಕೆಯನ್ನೂ, ತೂತಿನ ಸುತ್ತಲಿನ ಹಲ್ಲುಚಕ್ರವು ಕೈಗಾರಿಕೆಯನ್ನೂ ಸೂಚಿಸುತ್ತವೆ. ಅಂದರೆ ತೂತು ಚಕ್ರದ ಅಚ್ಚುರಂಧ್ರವಾಗಿ ಚಿತ್ರದೊಳಗೇ ಸೇರಿಹೋಗಿದೆ. ನಮ್ಮ ಅಜ್ಜಿಯಂದಿರ ಡಬ್ಬಿಗಳಲ್ಲಿ ಇಂದಿಗೂ ಸಿಗುವ 1943ರಿಂದ 1947ರವರೆಗಿನ ತೂತಿನ ಕಾಸನ್ನು ಅದರ ಪಕ್ಕದಲ್ಲಿ ಇಡಿ. ಅಲ್ಲಿ ಬಳ್ಳಿಯು ತೂತನ್ನು ಸುತ್ತುವರಿದಿದೆ, ಚೆನ್ನಾಗಿಯೂ ಇದೆ, ಆದರೆ ತೂತು ತೂತಾಗಿಯೇ ಉಳಿದಿದೆ.

ಕಣ್ಣು ಇಷ್ಟು ಪಳಗಿದ ಮೇಲೆ ಒಂದು ಎಳೆಯನ್ನು ಹಿಡಿಯಬೇಕು. ಹಕ್ಕಿ, ಹಡಗು, ಧಾನ್ಯ, ಕಟ್ಟಡ, ಯಾವುದಾದರೂ ಆಗಬಹುದು, ಆದರೆ ಅದು ಸಂಗ್ರಾಹಕರ ಬದುಕಿಗೆ ಹತ್ತಿರವಾದುದಾಗಿದ್ದರೆ ಮಾತ್ರ ಬಹುಕಾಲ ನಿಲ್ಲುತ್ತದೆ. ನಾನು ಹಿಡಿದದ್ದು ಎತ್ತು ಮತ್ತು ಹೋರಿಯ ಎಳೆಯನ್ನು. ಗಣರಾಜ್ಯದ ಮೊದಲ ನಾಣ್ಯಗಳಾಗಿ 1950ರಲ್ಲಿ ಬಂದ ಅರ್ಧ ಆಣೆ, ಒಂದಾಣೆ, ಎರಡಾಣೆಗಳ ಮೇಲೆ ಹಿಣಿಲುಳ್ಳ ಎತ್ತಿದೆ; ಎರಡಾಣೆಯು ಮೂಲೆ ದುಂಡಗಿರುವ ಚೌಕವಾದರೆ ಒಂದಾಣೆಗೆ ಹೂವಿನೆಸಳಿನಂಥ ಅಂಚು. ಅದೇ ಪ್ರಾಣಿಯನ್ನು ಬೇರೆ ಬೇರೆ ಆಕಾರದೊಳಗೆ ಕೂರಿಸಿದಾಗ ಸುತ್ತಲಿನ ಬಯಲು ಹೇಗೆ ಬದಲಾಗುತ್ತದೆ ಎಂಬುದನ್ನು ಇವು ಚೆನ್ನಾಗಿ ಕಲಿಸುತ್ತವೆ. ಖಿಲಾರಿ ಎತ್ತುಗಳ ಕೊಂಬು, ಹಿಣಿಲು, ನಡೆಯನ್ನು ಜಾತ್ರೆಯಲ್ಲಿ ಗಂಟೆಗಟ್ಟಲೆ ಚರ್ಚಿಸುವ ನಮ್ಮ ರೈತರಿಗೆ ಇದನ್ನು ತೋರಿಸಿದರೆ ಪರಿಣತರಿಗೂ ಹೊಳೆಯದ ಮಾತುಗಳನ್ನು ಹೇಳುತ್ತಾರೆ.

ಈ ಎತ್ತಿನ ಜೊತೆಗೆ ಇಡಬೇಕಾದುದು ಐರ್ಲೆಂಡಿನ ಹಿಣಿಲಿಲ್ಲದ ಹೋರಿ. ಹೊಸದಾಗಿ ಸ್ವತಂತ್ರವಾದ ಆ ದೇಶವು ತನ್ನ ನಾಣ್ಯಗಳಿಗಾಗಿ ಕವಿ ಯೇಟ್ಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಹಲವು ಕಲಾವಿದರ ಮಾದರಿಗಳಲ್ಲಿ ಪರ್ಸಿ ಮೆಟ್‌ಕಾಫ್ ಎಂಬ ಶಿಲ್ಪಿಯದನ್ನು ಆರಿಸಿತು. 1928ರಲ್ಲಿ ಹೊರಬಂದ ಆ ಎಂಟು ನಾಣ್ಯಗಳ ಮೇಲೆ ರಾಜನಿಲ್ಲ, ದೇವತೆಯಿಲ್ಲ. ಕುದುರೆ, ಸಾಲ್ಮನ್ ಮೀನು, ಹೋರಿ, ಬೇಟೆನಾಯಿ, ಮೊಲ, ಮರಿಗಳೊಡನೆ ಕೋಳಿ, ಮರಿಗಳೊಡನೆ ಹಂದಿ ಮತ್ತು ವುಡ್‌ಕಾಕ್ ಎಂಬ ಹಕ್ಕಿ ಇವೆ, ಇನ್ನೊಂದು ಬದಿಯಲ್ಲಿ ಹಾರ್ಪ್ ವಾದ್ಯವಿದೆ. ಒಕ್ಕಲುತನವನ್ನು ನಂಬಿದ ನಾಡೊಂದು ತನ್ನ ಹಿತ್ತಲ ಪ್ರಾಣಿಗಳನ್ನೇ ರಾಷ್ಟ್ರದ ಗುರುತಾಗಿ ಜಗತ್ತಿನ ಮುಂದಿಟ್ಟ ಈ ಸರಣಿಗಿಂತ ಚೆಲುವಾದುದನ್ನು ನಾನು ಇಂದಿನವರೆಗೂ ಕಂಡಿಲ್ಲ. ಇದರ ಹೋರಿಯೂ ಸಾಲ್ಮನ್ನೂ ದಶಮಾನ ಪದ್ಧತಿಯ ಐದು ಮತ್ತು ಹತ್ತು ಪೆನ್ನಿಗಳ ಮೇಲೆ ಮುಂದುವರಿದವು. ಕೈ ಬಿಗಿಯಿರುವವರು ಅವುಗಳಿಂದಲೇ ಮೊದಲುಮಾಡಬಹುದು. ಅಮೆರಿಕದ 1913ರಿಂದ 1938ರವರೆಗಿನ ಐದು ಸೆಂಟಿನ ಮೇಲಿರುವ, ಜೇಮ್ಸ್ ಅರ್ಲ್ ಫ್ರೇಸರ್ ರೂಪಿಸಿದ ಕಾಡುಕೋಣವೂ ಈ ಸಾಲಿಗೆ ಸೇರುತ್ತದೆ. ಅದರ ಇಸವಿ ಬಹುಬೇಗ ಸವೆಯುವುದರಿಂದ, ಅಂಕಿಗಳು ನಾಲ್ಕೂ ಕಾಣುವಂಥದನ್ನೇ ಆರಿಸಬೇಕು.

ಇವೆಲ್ಲ ನಮ್ಮ ಕಡೆ ಎಲ್ಲಿ ಸಿಗುತ್ತವೆ ಎಂದು ಕೇಳುವವರಿಗೆ, ಮನೆಗಳಲ್ಲೇ ಸಿಗುತ್ತವೆ ಎನ್ನುವುದು ನನ್ನ ಅನುಭವ. ವಿದೇಶದ ನೋಟನ್ನು ಬದಲಿಸಿಕೊಡುವವರು ಸಾಮಾನ್ಯವಾಗಿ ಬಿಡಿ ನಾಣ್ಯ ಮುಟ್ಟುವುದಿಲ್ಲವಾದ್ದರಿಂದ, ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರ ಕಪಾಟಿನಲ್ಲಿ, ಬಾದಾಮಿ ಪಟ್ಟದಕಲ್ಲುಗಳಲ್ಲಿ ಪ್ರವಾಸಿಗರಿಗೆ ದಾರಿ ತೋರಿಸುವವರ ಜೇಬಿನಲ್ಲಿ ಅವು ಹಾಗೆಯೇ ಉಳಿದಿರುತ್ತವೆ. ಕೇಳಿ ಪಡೆಯಬೇಕು, ಪಡೆದಾಗ ಕೊಟ್ಟವರ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಸರಾಫರ ಅಂಗಡಿಗೆ ಕರಗಿಸಲು ಬಂದ ಹಳೆಯ ಬೆಳ್ಳಿಯಲ್ಲಿಯೂ ಆಗಾಗ ಒಳ್ಳೆಯ ನಾಣ್ಯವಿರುತ್ತದೆ. ಲೋಹದ ಬೆಲೆಗೆ ಸ್ವಲ್ಪ ಸೇರಿಸಿ ಕೊಡುವೆನೆಂದು ಮೊದಲೇ ಹೇಳಿಟ್ಟರೆ ಅವರು ತೆಗೆದಿರಿಸುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ, ಶುಲ್ಕ ಅಥವಾ ತೆರಿಗೆಯ ಹೆಸರಿನಲ್ಲಿ ಮುಂಗಡ ಕೇಳುವವರು ವಂಚಕರು. ತನ್ನ ಹೆಸರನ್ನು ಹೀಗೆ ಬಳಸಲಾಗುತ್ತಿದೆಯೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಇನ್ನು ಹೊಲ ಉಳುವಾಗಲೋ ಹಳೆಯ ಗೋಡೆ ಕೆಡವುವಾಗಲೋ ಸಿಕ್ಕ ನಿಧಿಯು ಸಿಕ್ಕವರದಾಗುವುದಿಲ್ಲ. ಕರ್ನಾಟಕದ 1962ರ ನಿಧಿ ಕಾಯಿದೆಯಂತೆ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಆದಿಲಶಾಹಿಯ ಕಾಸುಗಳು ನೆಲದಿಂದ ಏಳುವ ಈ ಸೀಮೆಯಲ್ಲಿ ಇಂಥದನ್ನು ‘ಹೊಲದಲ್ಲಿ ಸಿಕ್ಕಿದ್ದು’ ಎಂದು ಮಾರಲು ತಂದರೆ ಕೊಳ್ಳಲೇಬಾರದು.

ಪರೀಕ್ಷೆಗೆ ಗ್ರಾಮಿನ ನೂರನೆಯ ಒಂದು ಭಾಗವನ್ನೂ ತೋರಿಸುವ ಸಣ್ಣ ತಕ್ಕಡಿ, ಅಗಲ ಅಳೆಯುವ ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ ಸಾಕು. ತಕ್ಕಡಿ ಸರಿಯಿದೆಯೇ ಎಂದು ನೋಡಲು ಜಪಾನಿನ ಒಂದು ಯೆನ್ ನಾಣ್ಯವನ್ನು ಇಟ್ಟುಕೊಳ್ಳಿ. ಅದು ಒಂದು ಗ್ರಾಮ್ ತೂಕ, 20 ಮಿಲಿಮೀಟರ್ ಅಗಲ ಇರುವಂತೆಯೇ ಮಾಡಿದ ಅಲ್ಯೂಮಿನಿಯಮ್ ನಾಣ್ಯ. ಬ್ರಿಟಿಷ್ ಕಾಲದ ಬೆಳ್ಳಿಯ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಮ್ ತೂಗಬೇಕು. ಬಳಕೆಯ ಸವೆತಕ್ಕೆ ಸ್ವಲ್ಪ ಕಡಿಮೆಯಾಗಬಹುದೇ ಹೊರತು ಹೆಚ್ಚಾಗಲಾರದು. ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನು ಬೆಳ್ಳಿಯದೆಂದು ಮಾರುವವರಿದ್ದಾರೆ. ಅದು ನಿಕ್ಕಲಿನದು, ಅಯಸ್ಕಾಂತಕ್ಕೆ ಅಂಟುತ್ತದೆ. ಹುಲಿಯ ನಡೆ ಮಾತ್ರ ಬಹಳ ಸೊಗಸಾಗಿರುವುದರಿಂದ ನಿಕ್ಕಲಿನ ಬೆಲೆಗೆ ಧಾರಾಳವಾಗಿ ಕೊಳ್ಳಬಹುದು. ಮರಿಯಾ ಥೆರೇಸಾ ಥಾಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯದ ಮೇಲೆ 1780 ಎಂದಿದ್ದರೂ ಅದೇ ಇಸವಿಯಿಟ್ಟು ಇಂದಿಗೂ ಟಂಕಿಸುತ್ತಾರೆ, ಆದ್ದರಿಂದ ಹಳೆಯದೆಂಬ ಬೆಲೆಯನ್ನು ಅದಕ್ಕೆ ಕೊಡಬಾರದು.

ತೊಳೆಯುವ ವಿಷಯದಲ್ಲಿ ನಾನು ಕಠಿಣವಾಗಿ ಹೇಳುತ್ತೇನೆ: ಹುಣಸೆಹಣ್ಣು, ನಿಂಬೆ, ವಿಭೂತಿ, ಪಾತ್ರೆ ತಿಕ್ಕುವ ಪುಡಿ ಯಾವುದನ್ನೂ ನಾಣ್ಯದ ಹತ್ತಿರ ತರಬಾರದು. ಐರ್ಲೆಂಡಿನ ಕೋಳಿಯ ಪೆನ್ನಿಯೊಂದನ್ನು, ದೇವರ ತಾಮ್ರದ ಚೊಂಬಿನಂತೆ ಹೊಳೆಯಲೆಂದು ನಾನು ಹುಣಸೆಹಣ್ಣಿನಿಂದ ತಿಕ್ಕಿದೆ. ಹೊಳೆಯಿತು, ಆದರೆ ದಶಕಗಳಿಂದ ಕೂತಿದ್ದ ಕಂದು ಬಣ್ಣದ ಜೊತೆಗೆ ಕೋಳಿಯ ಗರಿಗಳ ನೆರಳೂ ಹೊರಟುಹೋಯಿತು, ಮತ್ತೆ ಬರಲಿಲ್ಲ. ಮಣ್ಣಿದ್ದರೆ ಶುದ್ಧೀಕರಿಸಿದ ನೀರಿನಲ್ಲಿ ನೆನೆಸಿಟ್ಟು, ಒರೆಸದೆ, ಹತ್ತಿಬಟ್ಟೆಯ ಮೇಲಿಟ್ಟು ಆರಿಸಬೇಕು. ಜಿಡ್ಡು ಅಥವಾ ಪ್ಲಾಸ್ಟಿಕ್ಕಿನ ಹಸಿರು ಅಂಟು ಇದ್ದರೆ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಕುಳಿತು, ಶುದ್ಧ ಅಸಿಟೋನಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ತೆಗೆಯಬಹುದು.

ಆ ಹಸಿರು ಅಂಟು ಬರುವುದು ಪಿ.ವಿ.ಸಿ. ಹಾಳೆಯ ಮೆತ್ತನೆಯ ಆಲ್ಬಮ್‌ಗಳಿಂದ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಆ ಹಾಳೆ ಬೇಗ ಕೆಟ್ಟು ನಾಣ್ಯವನ್ನು ತಿನ್ನುತ್ತದೆ. ಮೈಲಾರ್ ಎಂಬ ತೆಳು ಪಾರದರ್ಶಕ ಹಾಳೆಯ ಕಿಂಡಿಯಿರುವ ಚೌಕ ರಟ್ಟಿನ ಕವಚಗಳನ್ನು ಕೊಂಡು, ಹೊಡೆದ ಸ್ಟೇಪ್ಲರ್ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಕರಿಮಣ್ಣಿನ ಧೂಳು ಕಿಟಕಿಯ ಸಂದಿನಲ್ಲೂ ನುಗ್ಗುವ ಊರಿನಲ್ಲಿ ತೆರೆದ ತಟ್ಟೆಯ ಪ್ರದರ್ಶನ ಸಲ್ಲದು.

ಕವಚದ ಮೇಲೆ ದೇಶ, ಮೌಲ್ಯ, ಇಸವಿ, ಲೋಹ, ಕಲಾವಿದರ ಹೆಸರು, ಸಿಕ್ಕ ಬಗೆ ಇಷ್ಟನ್ನು ಬರೆಯಿರಿ. ನ್ಯೂಮಿಸ್ಟಾ ಎಂಬ ಜಾಲತಾಣದಲ್ಲಿ ಇವುಗಳಲ್ಲಿ ಹೆಚ್ಚಿನವು ಉಚಿತವಾಗಿ ದೊರೆಯುತ್ತವೆ. ಕ್ರಿಸ್ತಶಕದ ಇಸವಿ ತಿಳಿಯಲು ಥಾಯ್ಲೆಂಡಿನ ಇಸವಿಯಿಂದ 543 ಕಳೆಯಬೇಕು, ಜಪಾನಿನ ಹೇಸೇ ಶಕಕ್ಕೆ 1988 ಕೂಡಿಸಬೇಕು. ಅರಬ್ಬೀ ಅಂಕಿಗಳಿಗಾದರೆ ನಮ್ಮ ಓಣಿಯ ಉರ್ದು ಬಲ್ಲ ಹಿರಿಯರೇ ನನಗೆ ಗುರುಗಳಾದರು. ಅಮೆರಿಕದ ನಾಣ್ಯವನ್ನು ಪುಸ್ತಕದ ಹಾಳೆ ಮಗುಚುವಂತೆ ತಿರುಗಿಸಿದರೆ ಹಿಂಬದಿ ತಲೆಕೆಳಗಾಗಿ ಕಾಣುತ್ತದೆ, ಭಾರತದ್ದು ನೆಟ್ಟಗೆ ಕಾಣುತ್ತದೆ. ಎರಡೂ ಬದಿ ಕಾಣುವ ಹಾಳೆಯಲ್ಲಿ ಜೋಡಿಸುವವರು ಇದನ್ನು ಗಮನಿಸಬೇಕು. ಬ್ರಿಟನ್ನಿನ 2008ರ ಸರಣಿಯಲ್ಲಿ ಒಂದು ಪೆನ್ನಿಯಿಂದ ಐವತ್ತು ಪೆನ್ಸ್‌ವರೆಗಿನ ಆರು ನಾಣ್ಯಗಳನ್ನು ಸೇರಿಸಿಟ್ಟರೆ ರಾಜಲಾಂಛನದ ಗುರಾಣಿ ಪೂರ್ತಿಯಾಗುತ್ತದೆ. ಅವನ್ನು ಬೇರೆ ಬೇರೆ ಕವಚಗಳಲ್ಲಿ ಇಟ್ಟರೆ ಮ್ಯಾಥ್ಯೂ ಡೆಂಟ್ ಎಂಬ ಕಲಾವಿದರ ಕಲ್ಪನೆಯೇ ಹಾಳಾಗುವುದರಿಂದ, ನಾನು ಅದಕ್ಕಾಗಿ ಫೋಮ್ ಹಾಳೆಯಲ್ಲಿ ಕುಳಿ ಕೊರೆದ ತಟ್ಟೆಯನ್ನು ಮಾಡಿಕೊಂಡಿದ್ದೇನೆ.

ಇಂಥದೇ ಇನ್ನೊಂದು ತಟ್ಟೆಯಲ್ಲಿ ಕೊಲ್ಲಿಯ ನಾಣ್ಯಗಳಿವೆ: ಕಾಫಿ ಹೂಜಿಯ ಚಿತ್ರವಿರುವ ಸಂಯುಕ್ತ ಅರಬ್ ಎಮಿರೇಟ್ಸಿನ ದಿರ್ಹಮ್, ಹಾಯಿಹಡಗಿನ ಕುವೈತ್ ಫಿಲ್ಸ್, ಖರ್ಜೂರದ ಮರವಿರುವ ಬಹರೈನಿನ ಹತ್ತು ಫಿಲ್ಸ್. ಎಲ್ಲವೂ ಇದೇ ಊರಿನವರು ದುಡಿದು ತಂದವು. ಅವುಗಳ ನಡುವೆ ಒಂದು ಉದ್ದನೆಯ ಕುಳಿಯನ್ನು ಖಾಲಿ ಬಿಟ್ಟಿದ್ದೇನೆ. ವಿಜಯಪುರವನ್ನಾಳಿದ ಇಮ್ಮಡಿ ಅಲಿ ಆದಿಲಶಾಹನು (1656–1672) ಕೊಲ್ಲಿಯ ವ್ಯಾಪಾರದಲ್ಲಿ ನಡೆಯುತ್ತಿದ್ದ ಪದ್ಧತಿಯಂತೆ ಬೆಳ್ಳಿಯ ತಂತಿಯನ್ನು ಕೂದಲ ಪಿನ್ನಿನ ಹಾಗೆ ಮಡಿಸಿ, ಅದರ ಮೇಲೆ ಅಚ್ಚೊತ್ತಿಸಿದ ‘ಲಾರಿ’ ಎಂಬ ನಾಣ್ಯಕ್ಕಾಗಿ ಅದು ಕಾದಿದೆ. ದುಂಡಗಿರದ ಆ ನಾಣ್ಯದ ಮೇಲೆ ಬರಹದ ಒಂದು ತುಣುಕಷ್ಟೇ ಬೀಳುತ್ತದೆ. ನಂಬಿಕೆಯ ವ್ಯಾಪಾರಿಯಿಂದ, ರಸೀದಿಯೊಡನೆ, ‘ವಿಜಯಪುರದ್ದು’ ಎಂದು ಓದಿ ತಿಳಿಯಬಲ್ಲ ಅಕ್ಷರಗಳುಳ್ಳದ್ದು ದೊರೆತ ದಿನ ಕೊಳ್ಳಬೇಕೆಂದು ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಹಣವನ್ನು ಎತ್ತಿಡುತ್ತಿದ್ದೇನೆ.