ಸ್ವಾಪ್ ಫೈಲ್‌ಗಳಿಗೆ ಬೇರೆಯೇ ಲನ್ ಕೊಡಿ

ವರ್ಚುವಲ್ ಮಷಿನ್‌ಗಳನ್ನು (ವಿಎಂ) ನಡೆಸುವ ವಿಎಂವೇರ್ ಹೋಸ್ಟ್‌ಗಳಿಗೆ ಸ್ಯಾನ್‌ನಲ್ಲಿ (ಸರ್ವರ್‌ಗಳು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್ ವ್ಯವಸ್ಥೆಯಲ್ಲಿ) ಜಾಗ ಹಂಚುವಾಗ, ವಿಎಂಗಳ ಸ್ವಾಪ್ ಫೈಲ್‌ಗಳಿಗೆಂದೇ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಫೈಲ್‌ಗಳಿಗೆ) ಬೇರೆ ಲನ್ (ಸ್ಯಾನ್‌ನಿಂದ ಬಿಡಿಸಿಕೊಟ್ಟ ಡಿಸ್ಕ್ ಭಾಗ) ಮೇಲೆ, ರೆಪ್ಲಿಕೇಶನ್ (ಬೇರೆ ಸೈಟಿಗೆ ನಕಲು) ಇಲ್ಲದ ಒಂದು ಡೇಟಾಸ್ಟೋರ್ (ವಿಎಂ ಫೈಲ್‌ಗಳನ್ನಿಡುವ ಜಾಗ) ಇಡಿ. ಕ್ಲಸ್ಟರ್ (ಹೋಸ್ಟ್‌ಗಳ ಗುಂಪು) ಮತ್ತು ಹೋಸ್ಟ್ ಸೆಟ್ಟಿಂಗ್‌ಗಳಲ್ಲಿ ಅದನ್ನೇ ಸ್ವಾಪ್ ಜಾಗವಾಗಿ ತೋರಿಸಿ. ವಿಎಂ ಆನ್ ಆದಾಗ, ಕೊಟ್ಟ ಮೆಮೊರಿಯಲ್ಲಿ ರಿಸರ್ವೇಶನ್ (ಆ ವಿಎಂಗೆಂದೇ ಕಾದಿರಿಸಿದ ಮೆಮೊರಿ) ಕಳೆದು ಉಳಿದಷ್ಟು ದೊಡ್ಡ ಸ್ವಾಪ್ ಫೈಲ್ ಹುಟ್ಟುತ್ತದೆ, ಆಫ್ ಮಾಡಿದರೆ ಅಳಿದುಹೋಗುತ್ತದೆ. ರಿಸರ್ವೇಶನ್ ಇಲ್ಲದ 16 ಜಿಬಿಯ 20 ವಿಎಂ ಎಂದರೆ 320 ಜಿಬಿ! ಡಿಆರ್ ಸೈಟಿನಲ್ಲಿ (ಅವಘಡವಾದರೆ ವಿಎಂಗಳನ್ನು ಎಬ್ಬಿಸುವ ಬದಲಿ ಜಾಗದಲ್ಲಿ) ಅದಕ್ಕೂ ಜಾಗ ಕಟ್ಟಿಡುವುದು ಶುದ್ಧ ದಂಡ, ವಿಎಂ ಅಲ್ಲಿ ಏಳುವಾಗ ಹೊಸ ಫೈಲ್ ಹೇಗೂ ಆಗುತ್ತದೆ. ಆದರೆ ಈ ಲನ್ ಕ್ಲಸ್ಟರಿನ ಎಲ್ಲ ಹೋಸ್ಟ್‌ಗಳಿಗೂ ಕಾಣಲೇಬೇಕು, ಇಲ್ಲವಾದರೆ ವಿ-ಮೋಷನ್ (ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟಿಗೆ ಸಾಗಿಸುವುದು) ನಿಧಾನವಾಗುತ್ತದೆ. ಹಳೇ ಡಿಸ್ಕಿಗಂತೂ ತಳ್ಳಬೇಡಿ: ಮೆಮೊರಿ ಸಾಲದೆ ಬಂದ ದಿನ ಎಲ್ಲ ವಿಎಂಗಳ ಭಾರವೂ ಒಟ್ಟಿಗೆ ಅದರ ಮೇಲೇ ಬೀಳುತ್ತದೆ. ಮೆಮೊರಿ ಪೂರ್ತಿ ರಿಸರ್ವ್ ಆಗಿರುವ ವಿಎಂಗಳಿಗೆ ಇದರಿಂದ ಲಾಭವಿಲ್ಲ, ಅವುಗಳ ಸ್ವಾಪ್ ಫೈಲ್ ಗಾತ್ರವೇ ಸೊನ್ನೆ.