ಕೆಂಪು ಧೂಳು, ಬೋರ್ ನೀರು, ಮುಂದಿನ ಗ್ಲಾಸು

ಬಳ್ಳಾರಿ–ತೋರಣಗಲ್ಲು ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸುವವರಿಗೆ ಮುಂದಿನ ಗ್ಲಾಸಿನ ಪಾಡು ಚೆನ್ನಾಗಿ ಗೊತ್ತು. ಕುಡತಿನಿ ಹತ್ತಿರ ಥರ್ಮಲ್ ಸ್ಟೇಷನ್ನಿನ ಬೂದಿ. ಅಲ್ಲಿಂದ ಮುಂದಕ್ಕೆ ಅದಿರು ಲಾರಿಗಳ ಕೆಂಪು ಧೂಳು. ಸಂಡೂರಿನ ಕಡೆ ತಿರುಗಿದರೆ ಇನ್ನೂ ಜಾಸ್ತಿ. ಲಾರಿಯವರು ಟಾರ್ಪಾಲು ಕಟ್ಟಿದ್ದರೂ ಚಕ್ರಕ್ಕೆ ಮೆತ್ತಿದ ಕೆಸರು ರಸ್ತೆಗೆ ಬಿದ್ದು, ಒಣಗಿ, ಹಾರುತ್ತದೆ. ಕೊಪ್ಪಳದ ಕಡೆ ಬಾಡಿಗೆ ಸಿಕ್ಕರೆ ಗಿಣಿಗೇರಿಯ ಫ್ಯಾಕ್ಟರಿಗಳ ಕರಿ ಪುಡಿ. ರಾಯಚೂರಿಗೆ ಹೋದರೆ ಶಕ್ತಿನಗರದಲ್ಲಿ ಮತ್ತೆ ಬೂದಿ.

ಗ್ಲಾಸು ತೊಳೆಯುವ ನೀರಿನ ವಾಷರ್ ಟ್ಯಾಂಕಿಗೆ ಯಾವ ಲಿಕ್ವಿಡ್ ಹಾಕ್ತೀರಿ ಅಂತ ಸ್ಟ್ಯಾಂಡಿನಲ್ಲಿ ಹುಡುಗರು ಕೇಳುತ್ತಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನೀರು ಯಾವುದು ಹಾಕ್ತೀಯಪ್ಪಾ? ಟ್ಯಾಂಕಿನಲ್ಲಿ ಇರುವುದರಲ್ಲಿ ಹೆಚ್ಚು ಪಾಲು ನೀರೇ. ನಮ್ಮ ಕಡೆ ಗ್ಲಾಸು ಕೆಡಿಸುವುದೂ ಆ ನೀರೇ.

ನಮ್ಮ ಓಣಿಯ ಬೋರಿನ ನೀರಿಗೆ ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಉಪ್ಪು-ಸುಣ್ಣ ಅಳೆಯುವ ಮೀಟರ್ ಇಟ್ಟರೆ ಸಾವಿರ ದಾಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 2,000ದವರೆಗೂ ನಡೆಯುತ್ತದೆ ಅಂತಿದೆ. ಕುಡಿಯೋಕೇ ಅಷ್ಟು ಬಿಟ್ಟಿದ್ದಾರೆ, ಗ್ಲಾಸಿಗೇನು ಅಂತ ಅನ್ನಿಸಬಹುದು. ಆದರೆ 40 ಡಿಗ್ರಿ ಬಿಸಿಲಲ್ಲಿ ಕಾದ ಗ್ಲಾಸಿನ ಮೇಲೆ ಆ ನೀರು ಬಿದ್ದರೆ ಗಳಿಗೆಯಲ್ಲಿ ಆವಿಯಾಗಿ, ಸುಣ್ಣದಂಥ ಬಿಳಿ ಗೆರೆ ಉಳಿಯುತ್ತದೆ. ಅದರ ಮೇಲೆ ಕೆಂಪು ಧೂಳು ಕೂತರೆ ಬೆರಳಲ್ಲಿ ತಿಕ್ಕಿದರೂ ಬಿಡುವುದಿಲ್ಲ. ಇದೇ ಸುಣ್ಣ ಗ್ಲಾಸಿಗೆ ನೀರು ಚಿಮ್ಮಿಸುವ ನಾಝಲ್ಲಿನ ಸಣ್ಣ ತೂತಿನಲ್ಲೂ ಕಟ್ಟಿಕೊಳ್ಳುತ್ತದೆ.

ಒಮ್ಮೆ ನನ್ನ ಕಾರಿನಲ್ಲಿ ನೀರು ಚಿಮ್ಮುವುದೇ ನಿಂತಿತು. ಗ್ಯಾರೇಜಿನ ಹುಡುಗ ಬಾನೆಟ್ ಕೂಡ ಎತ್ತಲಿಲ್ಲ. "ಮೋಟರ್ ಹೋಗೇತಣ್ಣ, ಹೊಸದು ಹಾಕಬೇಕು" ಅಂದ. ನಾನು ಬಾನೆಟ್ ಎತ್ತಿ, ನಾಝಲ್ಲಿಗೆ ಹೋಗುವ ಸಣ್ಣ ರಬ್ಬರ್ ಪೈಪು ಕಿತ್ತು, ಅವನಿಗೆ ಸ್ವಿಚ್ ಒತ್ತಲು ಹೇಳಿದೆ. ಪೈಪಿನಿಂದ ನೀರು ಜೋರಾಗಿ ಬಂತು. ಅಂದರೆ ಮೋಟರ್ ಚೆನ್ನಾಗಿದೆ, ಕಟ್ಟಿಕೊಂಡಿರುವುದು ನಾಝಲ್ ಅಲ್ವಾ? ಬಿಳಿ ವಿನೆಗರಿನಲ್ಲಿ ನೆನೆಸಿ, ತೆಳು ಸೂಜಿಯಲ್ಲಿ ಮೆಲ್ಲಗೆ ಬಿಡಿಸಿದ ಮೇಲೆ ಸರಿಹೋಯಿತು. ಆ ವಿನೆಗರ್ ಚೆಲ್ಲಬೇಕು, ತೊಳೆಯಬೇಕು. ಟ್ಯಾಂಕಿನಲ್ಲೇ ಸುರಿದು ಬಿಟ್ಟರೆ ಹುಳಿ ಪಂಪಿನ ಲೋಹಕ್ಕೂ ರಬ್ಬರಿಗೂ ಒಳ್ಳೆಯದಲ್ಲ.

ಆಮೇಲೆ ನಾನು ಟ್ಯಾಂಕಿಗೆ ಹಾಕುವುದು ಫಿಲ್ಟರ್ ನೀರು. ಶುದ್ಧ ನೀರಿನ ಘಟಕದಿಂದ ಮನೆಗೆ ಕ್ಯಾನ್ ತರುವಾಗ ಒಂದು ಬಾಟಲಿ ಕಾರಿಗೆ ಅಂತ ತೆಗೆದಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು ಇನ್ನೂ ಚೊಕ್ಕ. ಆದರೆ ಕ್ಯಾನಿನ ಮೇಲೆ ಡಿಸ್ಟಿಲ್ಡ್ ವಾಟರ್ ಅಂತ ಓದಿಕೊಂಡೇ ತನ್ನಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಇರುತ್ತದೆ. ಎಸಿ ಪೈಪಿನ ನೀರು ಹಿಡಿದು ಹಾಕುವವರೂ ಇದ್ದಾರೆ. ಅದರಲ್ಲಿ ಸುಣ್ಣ ಇಲ್ಲ, ನಿಜ. ಆದರೆ ಎಸಿ ಕಾಯಿಲಿನ ಧೂಳು, ಪಾಚಿ ಎಲ್ಲಾ ಬರುತ್ತದೆ. ಬಟ್ಟೆಯಲ್ಲಿ ಸೋಸದೆ ನಾನಂತೂ ಹಾಕುವುದಿಲ್ಲ.

ಇನ್ನು ಲಿಕ್ವಿಡ್ಡಿನ ಮಾತು. ಅದರ ಕೆಲಸ ಜಿಡ್ಡು ಬಿಡಿಸುವುದು, ನೀರು ಗ್ಲಾಸಿನ ಮೇಲೆ ಹರಡುವಂತೆ ಮಾಡುವುದು, ಅಷ್ಟೇ. ಕೆಲವು ಬಾಟಲಿಗಳ ಮೇಲೆ ಮೈನಸ್ 20 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ ಅಂತ ದೊಡ್ಡದಾಗಿ ಬರೆದಿರುತ್ತದೆ. ಬಳ್ಳಾರಿಯಲ್ಲಿ! ಹಿಮ ಬೀಳುವ ದೇಶಗಳಿಗೆ ಅದು ಬೇಕು. ಅದಕ್ಕಾಗಿಯೇ ಅದರಲ್ಲಿ ಮೆಥನಾಲ್ ಅಥವಾ ಬೇರೆ ಆಲ್ಕೋಹಾಲ್ ಇರುತ್ತದೆ. ನಮ್ಮ ಬಿಸಿಲಿಗೆ ಅದು ವೈಪರ್ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಆರಿ ಹೋಗುತ್ತದೆ. ದುಡ್ಡು ದಂಡ. ಮೆಥನಾಲ್ ವಿಷವೂ ಹೌದು, ಸ್ವಲ್ಪ ಕುಡಿದರೂ ಕಣ್ಣು ಹೋಗಬಹುದು. ನೀಲಿ ಬಣ್ಣ ನೋಡಿ ಮಕ್ಕಳು ಶರಬತ್ತು ಅಂದುಕೊಂಡಾರು. ಯಾವ ಬಾಟಲಿಯನ್ನೂ ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ.

ನಾನು ತರುವುದು ನೀರಿಗೆ ಬೆರೆಸುವ ಗಟ್ಟಿ ಲಿಕ್ವಿಡ್, ಆಲ್ಕೋಹಾಲ್ ಇಲ್ಲದ್ದು. ಅಳತೆ ಬಾಟಲಿಯ ಮೇಲೆ ಇರುತ್ತದೆ, ಅಷ್ಟೇ ಹಾಕುತ್ತೇನೆ. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ, ಗ್ಲಾಸಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ನಿಲ್ಲುತ್ತದೆ. ಟ್ಯಾಂಕಿನಲ್ಲೇ ಬೆರೆಸುವ ಬದಲು ಹೊರಗೆ ಬಾಟಲಿಯಲ್ಲಿ ಬೆರೆಸಿ ಸುರಿಯುವುದು ನನ್ನ ರೂಢಿ. ಕರಗುವ ಮಾತ್ರೆಯೂ ಸಿಗುತ್ತದೆ. ಅದು ಪೂರ್ತಿ ಕರಗಿದ ಮೇಲೇ ಸುರಿಯಬೇಕು, ಇಲ್ಲದಿದ್ದರೆ ಚೂರು ಹೋಗಿ ಪಂಪಿನ ಫಿಲ್ಟರಿನಲ್ಲಿ ಕೂರುತ್ತದೆ.

ಶಾಂಪೂ ಪ್ಯಾಕೆಟ್, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುವವರೇ ನಮ್ಮ ಸ್ಟ್ಯಾಂಡಿನಲ್ಲಿ ಜಾಸ್ತಿ. ನೊರೆ ಬಂದರೆ ಸ್ವಚ್ಛ ಆಯಿತು ಅನ್ನುವ ನಂಬಿಕೆ. ಕೈಯಲ್ಲಿ ತಿಕ್ಕಿ ಒಂದು ಬಕೆಟ್ ನೀರು ಸುರಿಯುವುದಾದರೆ ಪಾತ್ರೆ ಲಿಕ್ವಿಡ್ ಬಹಳ ಒಳ್ಳೆಯದು. ಡೀಸೆಲ್ ಹೊಗೆಯ ಜಿಡ್ಡು ಅದರಲ್ಲೇ ಚೆನ್ನಾಗಿ ಬಿಡುತ್ತದೆ. ಆದರೆ ನಾಝಲ್ಲಿನ ಎರಡು ಚಿಮುಕಿಗೆ ಆ ನೊರೆ ತೊಳೆದು ಹೋಗುವುದಿಲ್ಲ. ರಾತ್ರಿ ಎದುರು ಲಾರಿಯ ಲೈಟು ಬಿದ್ದಾಗ ಗ್ಲಾಸು ಪೂರ್ತಿ ಬೆಳ್ಳಗೆ ಹೊಳೆದು ರಸ್ತೆಯೇ ಕಾಣುವುದಿಲ್ಲ.

ಏನೂ ಬೆರೆಸದೆ ಬರೀ ನೀರು ಸಾಕಲ್ಲವಾ ಅಂತಲೂ ಕೇಳುತ್ತಾರೆ. ಧೂಳಿಗೆ ಸಾಕು, ಜಿಡ್ಡಿಗೆ ಸಾಲದು. ಇನ್ನೊಂದು ಕಾರಣವೂ ಇದೆ. ಬ್ರಿಟನ್ನಿನ ಆರೋಗ್ಯ ಸಂಶೋಧಕರು 2010ರಲ್ಲಿ, ವಾಷರ್ ಟ್ಯಾಂಕಿಗೆ ಬರೀ ನೀರು ಹಾಕಿ ಓಡಿಸುವುದಕ್ಕೂ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾಕ್ಕೂ ನಂಟು ಇದೆ ಅಂತ ಹೇಳಿದ್ದರು. ಬೆಚ್ಚಗೆ ನಿಂತ ನೀರು ಆ ಬ್ಯಾಕ್ಟೀರಿಯಾಕ್ಕೆ ಇಷ್ಟ. ಎಂಜಿನ್ ಪಕ್ಕದ ಟ್ಯಾಂಕು ನಮ್ಮಲ್ಲಿ ಎಷ್ಟು ಬೆಚ್ಚಗಿರುತ್ತದೆ ಅಂತ ಬಿಡಿಸಿ ಹೇಳಬೇಕಾ?

ಮಳೆ ನೀರು ಮುತ್ತಿನಂತೆ ಜಾರುತ್ತದೆ ಅನ್ನುವ ಸಿಲಿಕೋನ್ ಸೇರಿಸಿದ ಲಿಕ್ವಿಡ್ಡನ್ನೂ ನೋಡಿದೆ. ಮಳೆ ಊರಿನವರಿಗೆ ಸರಿ ಇರಬಹುದು. ನನ್ನ ಗ್ಲಾಸಿನ ಮೇಲೆ ವೈಪರ್ ಕಿರ್ ಕಿರ್ ಅಂತ ಕುಣಿಯಿತು. ಬಿಟ್ಟೆ.

ಲಿಕ್ವಿಡ್ ಎಷ್ಟೇ ಒಳ್ಳೆಯದಿರಲಿ, ಧೂಳು ಕೂತ ಗ್ಲಾಸಿನ ಮೇಲೆ ಒಣ ವೈಪರ್ ಆಡಿಸಬಾರದು. ಸಂಡೂರಿನ ಅದಿರು ಹೆಮಟೈಟ್. ಅದರ ಜೊತೆಗಿನ ಕಲ್ಲಿನಲ್ಲಿ ಕ್ವಾರ್ಟ್ಜ್ ಅನ್ನುವ ಗಡಸು ಖನಿಜದ ಪಟ್ಟಿಗಳಿರುತ್ತವೆ. ಗಡಸುತನದ ಮೋಸ್ ಅಳತೆಯಲ್ಲಿ ಗ್ಲಾಸು ಸುಮಾರು 5.5, ಕ್ವಾರ್ಟ್ಜ್ 7. ಗೀರು ಬೀಳದೆ ಏನಾಗುತ್ತದೆ? ಬೆಳಿಗ್ಗೆ ಹೊರಡುವ ಮುಂಚೆ ನಾನು ಒಂದು ಚೊಂಬು ನೀರು ಮೇಲಿನಿಂದ ಸುರಿಯುತ್ತೇನೆ. ದಾರಿಯಲ್ಲಾದರೆ ಸ್ವಿಚ್ ಎಳೆದು ಚೆನ್ನಾಗಿ ನೀರು ಬಿಡುತ್ತೇನೆ. ನೀರಿನ ಜೊತೆಗೇ ವೈಪರ್ ಏಳುತ್ತದಲ್ಲ, ಆದ್ದರಿಂದ ನೀರಿಗೆ ಜಿಪುಣತನ ಮಾಡಬಾರದು. ಹಾಗಂತ ಟ್ಯಾಂಕ್ ಖಾಲಿಯಾದ ಮೇಲೂ ಒತ್ತುತ್ತಾ ಕೂತರೆ ಪಂಪು ಸುಟ್ಟೀತು.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಗದ್ದೆ ನಡುವೆ ರಾತ್ರಿ ಓಡಿಸಿದರೆ ಕಥೆಯೇ ಬೇರೆ. ಲೈಟಿಗೆ ಮುತ್ತುವ ಹುಳಗಳು ಗ್ಲಾಸಿಗೆ ಬಡಿದು ಅಂಟುತ್ತವೆ. ಅದಕ್ಕೆ ವೈಪರ್ ಹಾಕಿದರೆ ಮುಗಿಯಿತು, ಎಲ್ಲಾ ಕಡೆ ಸವರಿ ಹಾಲಿನಂತೆ ಆಗುತ್ತದೆ. ಚಹಾಕ್ಕೆ ನಿಲ್ಲಿಸಿದಾಗ ಒದ್ದೆ ಬಟ್ಟೆಯನ್ನು ಗ್ಲಾಸಿನ ಮೇಲೆ ಹಾಸಿ ಬಿಡುತ್ತೇನೆ. ಚಹಾ ಮುಗಿಯುವಷ್ಟರಲ್ಲಿ ಹುಳ ನೆಂದಿರುತ್ತವೆ, ಒರೆಸಿದರೆ ಬರುತ್ತವೆ.

ಒಳಗಿನ ಮಬ್ಬಿಗೆ ಟ್ಯಾಂಕಿನ ಲಿಕ್ವಿಡ್ ಏನೂ ಮಾಡುವುದಿಲ್ಲ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಏಳುವ ಜಿಡ್ಡು ಅದು. ಅರ್ಧ ವಿನೆಗರ್ ಅರ್ಧ ಫಿಲ್ಟರ್ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದರೆ ಹೋಗುತ್ತದೆ.

ಇಷ್ಟೆಲ್ಲಾ ಮಾಡಿಯೂ ಗೆರೆ ಉಳಿದರೆ ಲಿಕ್ವಿಡ್ ಬದಲಿಸುವ ಮುಂಚೆ ವೈಪರ್ ರಬ್ಬರನ್ನು ಬೆರಳಲ್ಲಿ ಸವರಿ ನೋಡಿ. ನಮ್ಮ ಬೇಸಿಗೆಗೆ ಅದು ಗಡುಸಾಗಿ ಅಂಚು ಬಿರಿದಿರುತ್ತದೆ. ನಾನು ರೋಹಿಣಿ ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಬೇಸಿಗೆ ಪೂರ್ತಿ ಹಳೆಯದರಲ್ಲೇ ತಳ್ಳುತ್ತೇನೆ. ಯಾಕೆಂದರೆ ಮಾರ್ಚಿನಲ್ಲಿ ಹೊಸದು ಹಾಕಿದರೆ ಮಳೆ ಬರುವ ಹೊತ್ತಿಗೆ ಅದೂ ಸುಟ್ಟಿರುತ್ತದೆ.